ಮತದಾರರ ಪಟ್ಟಿ ಹಿಡಿದು ಮನೆಮನೆಗೆ: ಮತದ ಹಕ್ಕು ಕಾಯಲು ಹೊರಟವರಿಗೊಂದು ಕೈಪಿಡಿ

ಚುನಾವಣೆ ಘೋಷಣೆಯಾದ ಮೇಲೆ ಬೀದಿಬೀದಿಯಲ್ಲಿ ಜಾಥಾ ಹೊರಡುತ್ತದೆ, ಶಾಲಾ ಮಕ್ಕಳು ಫಲಕ ಹಿಡಿದು ‘ತಪ್ಪದೇ ಮತ ಚಲಾಯಿಸಿ’ ಎಂದು ಕೂಗುತ್ತಾರೆ, ರಂಗೋಲಿ ಸ್ಪರ್ಧೆಯೂ ನಡೆಯುತ್ತದೆ. ಆ ಉತ್ಸಾಹವನ್ನು ಹಗುರವಾಗಿ ಕಾಣಬೇಕಿಲ್ಲ. ಆದರೆ ಮತಗಟ್ಟೆಯ ಬಾಗಿಲವರೆಗೂ ಬಂದು, ‘ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ’ ಎಂಬ ಮಾತು ಕೇಳಿ ಹಿಂದಿರುಗುವವರಿಗೆ ಆ ಜಾಥಾದಿಂದ ಏನೂ ಒದಗುವುದಿಲ್ಲ. 2024ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯದಲ್ಲಿ ಶೇ 81ಕ್ಕೂ ಹೆಚ್ಚು ಮತದಾನವಾದರೆ, ಬೆಂಗಳೂರು ಉತ್ತರ, ಕೇಂದ್ರ ಮತ್ತು ದಕ್ಷಿಣ ಕ್ಷೇತ್ರಗಳಲ್ಲಿ ಅದು ಶೇ 54ರ ಆಸುಪಾಸಿನಲ್ಲೇ ನಿಂತಿತು. ಇದನ್ನು ನಗರದವರ ಸೋಮಾರಿತನ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಬಾಡಿಗೆ ಮನೆ ಬದಲಿಸುತ್ತಲೇ ಇರುವ ಊರಿನಲ್ಲಿ ಹೆಸರು ಒಂದು ಕಡೆ, ಮನುಷ್ಯ ಇನ್ನೊಂದು ಕಡೆ ಇರುತ್ತಾರೆ ಎಂಬುದು ಪಟ್ಟಿ ಹಿಡಿದು ಹತ್ತು ಮನೆ ತಿರುಗಿದವರಿಗೆ ತಾನಾಗಿಯೇ ತಿಳಿಯುತ್ತದೆ.

ಹಾಗಾಗಿ ಮತದಾನಕ್ಕೆ ಪ್ರೋತ್ಸಾಹ ನೀಡುವ ಕೆಲಸದಲ್ಲಿ ಮುಕ್ಕಾಲು ಪಾಲು ಕಾಗದಪತ್ರದ ಕೆಲಸ, ಮತ್ತು ಅದು ಚುನಾವಣೆ ಇಲ್ಲದ ತಿಂಗಳುಗಳಲ್ಲಿ ನಡೆಯಬೇಕಾದದ್ದು. ಬಡಾವಣೆಯ ನಿವಾಸಿಗಳ ಸಂಘವಾಗಲಿ, ಸ್ತ್ರೀಶಕ್ತಿ ಗುಂಪಾಗಲಿ, ಊರಿನ ನಾಲ್ಕು ಯುವಕರಾಗಲಿ ಇದನ್ನು ಹೇಗೆ ಮಾಡಬಹುದು ಎಂಬುದನ್ನು ಮುಂದೆ ಒಂದೊಂದಾಗಿ ವಿವರಿಸಲಾಗಿದೆ.

ಒಂದು ಮತಗಟ್ಟೆ, ನಾಲ್ಕೈದು ಜನ

ಇಡೀ ತಾಲ್ಲೂಕನ್ನು ಉದ್ಧಾರ ಮಾಡುವ ಯೋಜನೆ ಬೇಡ. ಒಂದೇ ಒಂದು ಮತಗಟ್ಟೆಯನ್ನು ಆರಿಸಿಕೊಳ್ಳಿ. ಒಂದು ಮತಗಟ್ಟೆಗೆ ಹೆಚ್ಚೆಂದರೆ 1,200ರಿಂದ 1,500 ಮತದಾರರು ಸೇರಿರುತ್ತಾರೆ. ಅಂದರೆ ಮುನ್ನೂರು ನಾನೂರು ಮನೆಗಳು. ಐದು ಜನರಿದ್ದರೆ ನಾಲ್ಕಾರು ಭಾನುವಾರಗಳಲ್ಲಿ ಪೂರ್ತಿ ತಿರುಗಬಹುದಾದ ಗಾತ್ರವದು. ಯಾವ ಮತಗಟ್ಟೆಯನ್ನು ಆರಿಸಬೇಕೆಂಬ ಗೊಂದಲವಿದ್ದರೆ, ಹಿಂದಿನ ಚುನಾವಣೆಯ ಮತಗಟ್ಟೆವಾರು ಮತಗಳ ಲೆಕ್ಕ ಇರುವ ‘ನಮೂನೆ 20’ ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಲ್ಲಿ ಸಿಗುತ್ತದೆ. ಅಲ್ಲಿ ಯಾವ ಪಕ್ಷಕ್ಕೆ ಎಷ್ಟು ಬಂತು ಎಂಬುದನ್ನು ಬಿಟ್ಟು, ಒಟ್ಟು ಬಿದ್ದ ಮತಗಳನ್ನು ಆ ಮತಗಟ್ಟೆಯ ಮತದಾರರ ಪಟ್ಟಿಯಲ್ಲಿರುವವರ ಸಂಖ್ಯೆಯೊಂದಿಗೆ ಹೋಲಿಸಿ, ಅಂತರವನ್ನಷ್ಟೇ ನೋಡಿ.

ತಂಡ ಕಟ್ಟುವಾಗಲೇ ಎರಡು ಕಟ್ಟುಪಾಡುಗಳನ್ನು ಒಪ್ಪಿಕೊಳ್ಳಬೇಕು. ಮೊದಲನೆಯದು, ಮನೆಬಾಗಿಲಿನಲ್ಲಿ ನಿಂತಾಗ ಪಕ್ಷದ ಹೆಸರಾಗಲಿ ಅಭ್ಯರ್ಥಿಯ ಹೆಸರಾಗಲಿ ಬಾಯಿಗೆ ಬರಕೂಡದು. ‘ಯಾರಿಗೆ ಹಾಕೋಣ ಹೇಳಿ’ ಎಂದು ಅವರೇ ಕೇಳಿದರೆ, ಪ್ರತಿ ಅಭ್ಯರ್ಥಿಯೂ ಆಸ್ತಿ, ಸಾಲ, ವಿದ್ಯಾರ್ಹತೆ, ಕ್ರಿಮಿನಲ್ ಪ್ರಕರಣಗಳ ವಿವರ ನೀಡಿ ಸಲ್ಲಿಸುವ ಪ್ರಮಾಣಪತ್ರ ಚುನಾವಣಾ ಆಯೋಗದ ಜಾಲತಾಣದಲ್ಲಿರುವುದನ್ನು ತೋರಿಸಿ ಸುಮ್ಮನಾಗಿ. ಎರಡನೆಯದು, ಯಾರ ಆಧಾರ್ ಸಂಖ್ಯೆ, ಮೊಬೈಲ್ ಸಂಖ್ಯೆ, ಜಾತಿ, ಒಲವು ಇವುಗಳನ್ನು ಬರೆದಿಟ್ಟುಕೊಳ್ಳಬೇಡಿ. 2022ರಲ್ಲಿ ಬೆಂಗಳೂರಿನಲ್ಲಿ ಮತದಾರರ ಜಾಗೃತಿಗೆಂದು ಪಾಲಿಕೆಯಿಂದ ಅನುಮತಿ ಪಡೆದ ಸಂಸ್ಥೆಯೊಂದರ ಕಾರ್ಯಕರ್ತರು ಮತಗಟ್ಟೆ ಅಧಿಕಾರಿಗಳ ಸೋಗಿನಲ್ಲಿ ಮನೆಮನೆಯ ಮಾಹಿತಿ ಸಂಗ್ರಹಿಸಿದರೆಂಬ ಆರೋಪ ಬಂದು, ಅನುಮತಿ ರದ್ದಾಗಿ, ಪ್ರಕರಣ ದಾಖಲಾಯಿತು. ಆ ಬಳಿಕ ಪಟ್ಟಿ ಹಿಡಿದು ಬಂದವರನ್ನು ಜನ ಅನುಮಾನದಿಂದ ನೋಡಿದರೆ ತಪ್ಪೇನೂ ಇಲ್ಲ. ನಾವು ಸರ್ಕಾರದವರಲ್ಲ, ಪಕ್ಕದ ಬೀದಿಯವರು ಎಂಬುದನ್ನು ಮೊದಲ ಮಾತಿನಲ್ಲೇ ಹೇಳಿಬಿಡಬೇಕು.

ಪಟ್ಟಿಯನ್ನು ಓದುವುದು

ಮತದಾರರ ಪಟ್ಟಿ ಗುಟ್ಟಿನ ದಾಖಲೆಯಲ್ಲ. ವಿಧಾನಸಭಾ ಕ್ಷೇತ್ರ ಮತ್ತು ಭಾಗ ಸಂಖ್ಯೆಯನ್ನು, ಅಂದರೆ ನಿಮ್ಮ ಮತಗಟ್ಟೆಯ ಪಟ್ಟಿಗೆ ಕೊಟ್ಟಿರುವ ಸಂಖ್ಯೆಯನ್ನು, ಆಯ್ದುಕೊಂಡರೆ ಕನ್ನಡದಲ್ಲೇ ಇಳಿಸಿಕೊಳ್ಳಬಹುದು. ಅದನ್ನು ಮುದ್ರಿಸಿ, ಮನೆ ಸಂಖ್ಯೆಯ ಪ್ರಕಾರ ಬೀದಿವಾರು ವಿಂಗಡಿಸಿ, ಒಬ್ಬೊಬ್ಬರಿಗೆ ಒಂದೊಂದು ಬೀದಿ ಹಂಚಿ. ಪಟ್ಟಿಯ ಕೊನೆಯಲ್ಲಿ ಸೇರ್ಪಡೆ ಮತ್ತು ಕೈಬಿಟ್ಟವರ ಪೂರಕ ಪಟ್ಟಿಗಳಿರುತ್ತವೆ. ಹೆಚ್ಚಿನವರು ಅಲ್ಲಿಯವರೆಗೂ ಹೋಗುವುದೇ ಇಲ್ಲ. ಕೈಬಿಟ್ಟ ಹೆಸರಿನ ಪಕ್ಕದಲ್ಲಿ ಒಂದಕ್ಷರದ ಕಾರಣವಿರುತ್ತದೆ: ‘ಇ’ ಎಂದರೆ ಮೃತರು, ‘ಎಸ್’ ಎಂದರೆ ವಾಸ ಬದಲಿಸಿದವರು, ‘ಆರ್’ ಎಂದರೆ ಹೆಸರು ಎರಡು ಬಾರಿ ಬಂದಿದೆ, ‘ಎಂ’ ಎಂದರೆ ಪತ್ತೆಯಿಲ್ಲ, ‘ಕ್ಯೂ’ ಎಂದರೆ ಅನರ್ಹರು. ಈ ಪುಟವನ್ನು ಕೈಯಲ್ಲಿ ಹಿಡಿದು ಬೀದಿಗಿಳಿದಾಗ, ‘ಎಸ್’ ಎಂದು ಗುರುತಾದವರು ಅದೇ ಮನೆಯ ಜಗುಲಿಯಲ್ಲಿ ಕೂತು ಪತ್ರಿಕೆ ಓದುತ್ತಿರುವುದು ಕಾಣಸಿಗುವುದುಂಟು. ಅಂಥವರಿಗೆ ಆ ಪುಟವನ್ನೇ ತೋರಿಸಿ. ತಮ್ಮ ಹೆಸರಿನ ಪಕ್ಕದ ಆ ಒಂದಕ್ಷರವನ್ನು ಕಣ್ಣಾರೆ ಕಂಡವರಿಗೆ ಮತದಾನದ ಮಹತ್ವದ ಬಗ್ಗೆ ಭಾಷಣ ಬೇಕಾಗುವುದಿಲ್ಲ. ಹೊಸ ಅರ್ಜಿ ಎಲ್ಲಿ ಸಿಗುತ್ತದೆ ಎಂದು ಅವರೇ ಕೇಳುತ್ತಾರೆ.

ಇನ್ನೊಂದು ಮಾತನ್ನು ಮನದಟ್ಟು ಮಾಡಿಸಲು ಬಹಳ ಶ್ರಮ ಪಡಬೇಕಾಗುತ್ತದೆ. ಮತದಾರರ ಗುರುತಿನ ಚೀಟಿ, ಅಂದರೆ ಎಪಿಕ್ ಕಾರ್ಡ್, ಕೈಯಲ್ಲಿದ್ದ ಮಾತ್ರಕ್ಕೆ ಮತ ಹಾಕಲು ಆಗುವುದಿಲ್ಲ, ಪಟ್ಟಿಯಲ್ಲಿ ಹೆಸರಿರಬೇಕು. ಹೆಸರಿದ್ದರೆ ಚೀಟಿ ಕಳೆದುಹೋಗಿದ್ದರೂ ಬೇರೆ ದಾಖಲೆ ತೋರಿಸಿ ಮತ ಹಾಕಬಹುದು. ‘ನನ್ನ ಬಳಿ ಕಾರ್ಡ್ ಇದೆ, ನನಗೇನೂ ತೊಂದರೆಯಿಲ್ಲ’ ಎನ್ನುವವರ ಹೆಸರನ್ನೇ ಮೊದಲು ಹುಡುಕಿ.

ಬಾಗಿಲು ತಟ್ಟಿದ ಮೇಲೆ

ಪ್ರತಿ ಮನೆಯಲ್ಲೂ ಪಟ್ಟಿಯನ್ನು ಗಟ್ಟಿಯಾಗಿ ಓದಿ, ಮನೆಯವರಿಂದಲೇ ಸರಿ ತಪ್ಪು ಹೇಳಿಸಿ. ತೀರಿಕೊಂಡ ಅಜ್ಜನ ಹೆಸರು ಇನ್ನೂ ಇರುತ್ತದೆ, ಮದುವೆಯಾಗಿ ಹೋದ ಮಗಳ ಹೆಸರೂ ಇರುತ್ತದೆ, ಬಂದು ಮೂರು ವರ್ಷವಾದ ಸೊಸೆಯ ಹೆಸರು ಮಾತ್ರ ಇರುವುದಿಲ್ಲ. ಒಂದು ಮನೆಯಲ್ಲಿ ನಡೆಯಲಾಗದೆ ಮಂಚ ಹಿಡಿದಿದ್ದ ಅಜ್ಜಿಯ ವಯಸ್ಸು ಪಟ್ಟಿಯಲ್ಲಿ 28 ಎಂದು ಅಚ್ಚಾಗಿತ್ತು. ನಿಜವಾದ ವಯಸ್ಸು 82. ಅಂಕಿಗಳು ತಿರುವುಮುರುವಾದದ್ದಷ್ಟೇ ಎಂದು ಮನೆಯವರು ನಕ್ಕು ಸುಮ್ಮನಾಗಿದ್ದರು. ಆದರೆ ಹಿರಿಯರಿಗೆ ಮನೆಯಿಂದಲೇ ಮತ ಹಾಕುವ ಸೌಲಭ್ಯ ಸಿಗುವುದು ಪಟ್ಟಿಯಲ್ಲಿರುವ ವಯಸ್ಸಿನ ಆಧಾರದ ಮೇಲೆ. ನಗುವಂಥ ತಪ್ಪು ಮುಂದೊಂದು ದಿನ ಹಕ್ಕನ್ನೇ ತಪ್ಪಿಸುವುದು ಹೀಗೆ.

ಯಾವ ತೊಂದರೆಗೆ ಯಾವ ಅರ್ಜಿ ಎಂಬುದು ತಂಡದವರ ನಾಲಗೆಯ ತುದಿಯಲ್ಲಿರಬೇಕು. ಹೊಸದಾಗಿ ಹೆಸರು ಸೇರಿಸಲು ನಮೂನೆ 6. ಮೃತರ ಹೆಸರು ತೆಗೆಸಲು ಅಥವಾ ಸೇರ್ಪಡೆಗೆ ಆಕ್ಷೇಪಿಸಲು ನಮೂನೆ 7. ವಾಸ ಬದಲಾವಣೆ, ಹೆಸರು ವಯಸ್ಸು ಭಾವಚಿತ್ರಗಳ ತಿದ್ದುಪಡಿ, ಹೊಸ ಎಪಿಕ್ ಕಾರ್ಡ್, ಅಂಗವಿಕಲತೆಯ ನಮೂದು ಎಲ್ಲಕ್ಕೂ ನಮೂನೆ 8. ಮನೆ ಬದಲಿಸಿದವರು ಹೊಸದಾಗಿ ನಮೂನೆ 6 ತುಂಬಿದರೆ ಎರಡು ಕಡೆ ಹೆಸರು ಉಳಿಯುವ ಅಪಾಯವಿದೆ. ಎರಡು ಕಡೆ ನೋಂದಣಿ ಕಾನೂನುಬಾಹಿರ, ಮತ್ತು ಅರ್ಜಿಯಲ್ಲಿ ಸುಳ್ಳು ಘೋಷಣೆ ನೀಡಿದರೆ ಒಂದು ವರ್ಷದವರೆಗೆ ಸೆರೆವಾಸವಾಗಬಹುದು. ಆದ್ದರಿಂದ ಸ್ಥಳಾಂತರಕ್ಕೆ ನಮೂನೆ 8 ಎಂಬುದನ್ನು ಒತ್ತಿ ಹೇಳಿ.

ಹದಿನೆಂಟು ತುಂಬುವ ಮಕ್ಕಳಿಗೆ ಹಿಂದೆ ಜನವರಿ 1 ಒಂದೇ ಅರ್ಹತಾ ದಿನಾಂಕವಾಗಿತ್ತು. 2021ರ ತಿದ್ದುಪಡಿಯ ನಂತರ ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಎಂದು ನಾಲ್ಕು ದಿನಾಂಕಗಳಿವೆ, ಹದಿನೇಳು ತುಂಬಿದವರು ಮುಂಚಿತವಾಗಿಯೇ ಅರ್ಜಿ ಹಾಕಬಹುದು. ಪದವಿಪೂರ್ವ ಕಾಲೇಜಿನ ಎರಡನೇ ವರ್ಷದ ತರಗತಿಗೆ ಹೋಗಿ ಒಂದು ಗಂಟೆ ಕೂತರೆ, ಬೀದಿಯಲ್ಲಿ ಒಂದು ತಿಂಗಳು ತಿರುಗಿದಷ್ಟು ಕೆಲಸವಾಗುತ್ತದೆ.

ಅರ್ಜಿಯನ್ನು ಆನ್‌ಲೈನ್‌ನಲ್ಲಾಗಲಿ, ಚುನಾವಣಾ ಆಯೋಗದ ಆ್ಯಪ್ ಮೂಲಕವಾಗಲಿ, ಮತಗಟ್ಟೆ ಮಟ್ಟದ ಅಧಿಕಾರಿ, ಅಂದರೆ ಎಲ್ಲರೂ ಬಿಎಲ್‌ಒ ಎಂದು ಕರೆಯುವವರ ಕೈಗಾಗಲಿ ಕೊಡಬಹುದು. ಬಿಎಲ್‌ಒ ಸಾಮಾನ್ಯವಾಗಿ ನಿಮ್ಮೂರಿನ ಶಿಕ್ಷಕರೋ ಅಂಗನವಾಡಿ ಕಾರ್ಯಕರ್ತೆಯೋ ಆಗಿರುತ್ತಾರೆ; ತಮ್ಮ ದಿನದ ಕೆಲಸದ ಜೊತೆಗೆ ಇದನ್ನೂ ಹೊತ್ತವರು ಎಂಬುದು ನೆನಪಿರಲಿ. ಅವರೊಂದಿಗೆ ಜಗಳಕ್ಕಿಳಿದ ತಂಡ ಗೆದ್ದದ್ದನ್ನು ನಾನಂತೂ ಕಂಡಿಲ್ಲ. ಅವರು ಯಾರೆಂದು ತಿಳಿಯದಿದ್ದರೆ 1950 ಸಂಖ್ಯೆಗೆ ಕರೆ ಮಾಡಿ. ಒಂದು ಎಚ್ಚರಿಕೆ: ಇಡೀ ಬೀದಿಯ ಅರ್ಜಿಗಳನ್ನು ಒಟ್ಟುಗೂಡಿಸಿ ನೀವೇ ಕಟ್ಟುಕಟ್ಟಾಗಿ ಸಲ್ಲಿಸಲು ಹೋಗಬೇಡಿ, ಅಂಥ ಸಗಟು ಅರ್ಜಿಗಳನ್ನು ಸ್ವೀಕರಿಸುವುದಿಲ್ಲ. ಒಂದೇ ಮನೆಯವರ ಅರ್ಜಿಗಳು ಒಟ್ಟಿಗೆ ಹೋಗಬಹುದು. ನಿಮ್ಮ ಕೆಲಸ ತುಂಬಲು ನೆರವಾಗುವುದು, ಸ್ವೀಕೃತಿ ಸಂಖ್ಯೆಯನ್ನು ಅರ್ಜಿದಾರರ ಕೈಯಲ್ಲಿ ಬರೆಸಿಡುವುದು, ಹದಿನೈದು ದಿನ ಬಿಟ್ಟು ‘ಏನಾಯಿತು’ ಎಂದು ಕೇಳುವುದು. ಈ ಮೂರನೆಯದನ್ನೇ ಎಲ್ಲರೂ ಮರೆಯುತ್ತಾರೆ.

ಪಟ್ಟಿಯ ಹೊರಗೆ ಉಳಿದವರು

ನಾಗರಿಕ ಹಕ್ಕಿನ ಕೆಲಸ ಎಂದು ಇದನ್ನು ಕರೆಯುವುದಾದರೆ ಅದು ಇಲ್ಲಿಂದ ಶುರುವಾಗುತ್ತದೆ. ಸಂವಿಧಾನದ 326ನೇ ವಿಧಿ ವಯಸ್ಕರೆಲ್ಲರಿಗೂ ಮತದ ಹಕ್ಕನ್ನು ನೀಡಿದೆ. ಮನೆ, ಆಸ್ತಿ, ಓದು ಯಾವುದನ್ನೂ ಅದು ಕೇಳುವುದಿಲ್ಲ. ಆದರೂ ವಿಳಾಸದ ದಾಖಲೆ ಇಲ್ಲ ಎಂಬ ಕಾರಣಕ್ಕೆ ಜನ ತಮ್ಮಷ್ಟಕ್ಕೆ ತಾವೇ ಹಿಂದೆ ಸರಿದಿರುತ್ತಾರೆ.

ಸೂರಿಲ್ಲದವರು ತಾವು ರಾತ್ರಿ ಮಲಗುವ ಜಾಗವನ್ನೇ ಅರ್ಜಿಯಲ್ಲಿ ನಮೂದಿಸಬಹುದು. ಬಿಎಲ್‌ಒ ಒಂದಕ್ಕಿಂತ ಹೆಚ್ಚು ರಾತ್ರಿ ಅಲ್ಲಿಗೆ ಬಂದು ಪರಿಶೀಲಿಸಬೇಕೆಂದು ಆಯೋಗದ ಸೂಚನೆಯಿದೆ. ಹಾಗೆ ಖಚಿತವಾದರೆ ವಾಸದ ದಾಖಲೆ ಬೇಕಿಲ್ಲ. ಕಟ್ಟಡ ಕಾರ್ಮಿಕರ ಶೆಡ್ಡುಗಳಲ್ಲಿ ಈ ಮಾತು ಬಹಳ ಉಪಯೋಗಕ್ಕೆ ಬರುತ್ತದೆ. ಹಾಸ್ಟೆಲಿನ ವಿದ್ಯಾರ್ಥಿಗಳು ತವರೂರಿನಲ್ಲೋ ಓದುವ ಊರಿನಲ್ಲೋ ಒಂದು ಕಡೆ ನೋಂದಾಯಿಸಿಕೊಳ್ಳಬಹುದು, ಸಂಸ್ಥೆಯ ಮುಖ್ಯಸ್ಥರ ದೃಢೀಕರಣ ಪತ್ರವಿದ್ದರೆ ಸಾಕು. ಲಿಂಗತ್ವ ಅಲ್ಪಸಂಖ್ಯಾತರಿಗೆ ಅರ್ಜಿಯಲ್ಲಿ ತೃತೀಯ ಲಿಂಗದ ಆಯ್ಕೆ ಇದೆ. ಪ್ರಕರಣ ಎದುರಿಸುತ್ತ ಜಾಮೀನಿನ ಮೇಲೆ ಹೊರಗಿರುವವರಿಗೆ ಮತದ ಹಕ್ಕಿಲ್ಲ ಎಂಬುದು ತಪ್ಪು ತಿಳಿವಳಿಕೆ. ಜೈಲಿನಲ್ಲಿ ಇರುವಾಗ ಮತ ಹಾಕಲು ಆಗುವುದಿಲ್ಲ, ಆದರೆ ಅದೊಂದೇ ಕಾರಣಕ್ಕೆ ಪಟ್ಟಿಯಿಂದ ಹೆಸರು ಹೋಗುವುದಿಲ್ಲ.

ಹೆಸರು ಅಳಿಸುವವರ ಮೇಲೆ ಕಣ್ಣು

ಸೇರಿಸುವಷ್ಟೇ ಮುಖ್ಯವಾದದ್ದು ಸೇರಿದ್ದನ್ನು ಉಳಿಸಿಕೊಳ್ಳುವುದು. 2023ರ ವಿಧಾನಸಭಾ ಚುನಾವಣೆಗೆ ಮೊದಲು ಕಲಬುರಗಿ ಜಿಲ್ಲೆಯ ಆಳಂದ ಕ್ಷೇತ್ರದಲ್ಲಿ ಹೆಸರು ಕೈಬಿಡುವಂತೆ ಕೋರಿ 6,018 ಅರ್ಜಿಗಳು ಆನ್‌ಲೈನ್‌ನಲ್ಲಿ ಬಂದಿದ್ದವು. ಅನುಮಾನ ಬಂದು ಪರಿಶೀಲಿಸಿದಾಗ ಸರಿಯಾಗಿದ್ದದ್ದು 24 ಮಾತ್ರ; ಉಳಿದ 5,994 ಅರ್ಜಿಗಳು ತಿರಸ್ಕೃತವಾದವು, ಪೊಲೀಸ್ ಪ್ರಕರಣವೂ ದಾಖಲಾಯಿತು. ಮನೆಗೆ ಹೋಗಿ ಕೇಳಿದ್ದರಿಂದ ಉಳಿದ ಹೆಸರುಗಳಿವು ಎಂಬುದನ್ನು ಗಮನಿಸಬೇಕು.

ಕೈಬಿಡಲು ಬಂದ ಅರ್ಜಿಗಳ ಪಟ್ಟಿಯನ್ನು ‘ನಮೂನೆ 10’ ಎಂಬ ಹೆಸರಿನಲ್ಲಿ ಮತದಾರರ ನೋಂದಣಿ ಅಧಿಕಾರಿ ಪ್ರಕಟಿಸಬೇಕು. ಪಟ್ಟಿ ಪರಿಷ್ಕರಣೆಯ ದಿನಗಳಲ್ಲಿ ವಾರಕ್ಕೊಮ್ಮೆ ಅದನ್ನು ತೆರೆದು ನಿಮ್ಮ ಭಾಗ ಸಂಖ್ಯೆಯ ಹೆಸರುಗಳನ್ನು ನೋಡಿ, ಆ ಮನೆಗಳಿಗೆ ಹೋಗಿ ತಿಳಿಸಿ. ತನ್ನ ವಾದ ಹೇಳಿಕೊಳ್ಳಲು ಅವಕಾಶ ಕೊಡದೆ ವಾಸ ಬದಲಾವಣೆಯಂಥ ಕಾರಣಕ್ಕೆ ಯಾರ ಹೆಸರನ್ನೂ ತೆಗೆಯುವಂತಿಲ್ಲ ಎಂದು 1950ರ ಜನಪ್ರಾತಿನಿಧ್ಯ ಕಾಯ್ದೆಯ 22ನೇ ಕಲಂ ಹೇಳುತ್ತದೆ. ಆದೇಶ ಒಪ್ಪಿಗೆಯಾಗದಿದ್ದರೆ ಹದಿನೈದು ದಿನಗಳೊಳಗೆ ಜಿಲ್ಲಾಧಿಕಾರಿಗೆ, ಅಲ್ಲೂ ನ್ಯಾಯ ಸಿಗದಿದ್ದರೆ ಮೂವತ್ತು ದಿನಗಳೊಳಗೆ ಮುಖ್ಯ ಚುನಾವಣಾಧಿಕಾರಿಗೆ ಮೇಲ್ಮನವಿ ಹೋಗುತ್ತದೆ. ಹಾಗೆಂದು ಕೊನೆಯ ಗಳಿಗೆಗೆ ಕಾಯಬೇಡಿ: ನಾಮಪತ್ರ ಸಲ್ಲಿಕೆಯ ಕಡೆಯ ದಿನ ಮುಗಿದ ಮೇಲೆ ಆ ಚುನಾವಣೆಗೆ ಪಟ್ಟಿಯಲ್ಲಿ ಯಾವ ಬದಲಾವಣೆಯೂ ಆಗುವುದಿಲ್ಲ. ಮತದಾನಕ್ಕೆ ಒಂದು ವಾರವಿದ್ದಾಗ ಬಂದು ‘ನನ್ನ ಹೆಸರಿಲ್ಲ’ ಎನ್ನುವವರಿಗೆ ಯಾರೂ ಏನೂ ಮಾಡಲಾರರು. ಒಂದು ವರ್ಷ ಮೊದಲೇ ತಿರುಗಿ ಎಂದು ಹೇಳುವುದು ಇದೇ ಕಾರಣಕ್ಕೆ.

ಮತದಾನಕ್ಕೆ ಮುಂಚಿನ ವಾರಗಳು

ಈಗ ಎರಡನೇ ಸುತ್ತು. ಈ ಸಲ ‘ಮತ ಹಾಕುತ್ತೀರಾ’ ಎಂದು ಕೇಳಬೇಡಿ. ಆ ಪ್ರಶ್ನೆಗೆ ಎಲ್ಲರೂ ಹೌದೆನ್ನುತ್ತಾರೆ. ‘ಎಷ್ಟು ಹೊತ್ತಿಗೆ ಹೊರಡುತ್ತೀರಿ, ಯಾರ ಜೊತೆ ಹೋಗುತ್ತೀರಿ, ಮಗುವನ್ನು ಯಾರು ನೋಡಿಕೊಳ್ಳುತ್ತಾರೆ’ ಎಂದು ಕೇಳಿ. ನಿಜವಾದ ತೊಡಕು ಆಗ ಹೊರಬೀಳುತ್ತದೆ. ‘ಅವತ್ತು ರಜೆ ಕೊಡುವುದಿಲ್ಲ’ ಎಂದರೆ, 1951ರ ಜನಪ್ರಾತಿನಿಧ್ಯ ಕಾಯ್ದೆಯ 135ಬಿ ಕಲಂ ಪ್ರಕಾರ ಮತದಾನದ ದಿನ ವೇತನಸಹಿತ ರಜೆ ಕೊಡುವುದು ಮಾಲೀಕರ ಕರ್ತವ್ಯ, ದಿನಗೂಲಿಯವರಿಗೂ ಅದು ಅನ್ವಯ ಎಂದು ತಿಳಿಸಿ. ತಪ್ಪಿದರೆ ದಂಡ 500 ರೂಪಾಯಿವರೆಗೆ ಮಾತ್ರ ಎಂಬುದು ನಗೆ ತರಿಸುವಂಥದ್ದೇ, ಆದರೂ ಕಲಂ ನಮೂದಿಸಿದ ಒಂದು ವಿನಂತಿ ಪತ್ರ ಗಾರ್ಮೆಂಟ್ಸ್ ಕಾರ್ಖಾನೆಯ ಕಚೇರಿಗೆ ಮೊದಲೇ ತಲುಪಿದರೆ ಮಾತು ಸಲೀಸಾಗುತ್ತದೆ. ‘ಯಾರೂ ಸರಿಯಿಲ್ಲ’ ಎನ್ನುವವರಿಗೆ 2013ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಂದ ನೋಟಾ ಗುಂಡಿ ಇದೆ ಎಂದಷ್ಟೇ ಹೇಳಿ ಮುಂದೆ ಹೋಗಿ, ವಾದಕ್ಕೆ ನಿಲ್ಲಬೇಡಿ.

85 ದಾಟಿದವರು ಮತ್ತು ಶೇ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಉಳ್ಳವರು ಮನೆಯಿಂದಲೇ ಮತ ಹಾಕಲು ನಮೂನೆ 12ಡಿ ಸಲ್ಲಿಸಬಹುದು. ಅದಕ್ಕೆ ಚುನಾವಣಾ ಅಧಿಸೂಚನೆ ಹೊರಬಿದ್ದ ದಿನದಿಂದ ಐದು ದಿನಗಳ ಗಡುವು. ಯಾರಿಗೆ ಇದು ಬೇಕೆಂಬ ಪಟ್ಟಿ ನಿಮ್ಮ ಬಳಿ ಮೊದಲೇ ಸಿದ್ಧವಾಗಿರದಿದ್ದರೆ ಐದು ದಿನ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಕಳೆಯುತ್ತದೆ.

ಮತದಾರರಿಗೆ ಮನೆಗೆ ಬರುವ ಮಾಹಿತಿ ಚೀಟಿ ಮತಗಟ್ಟೆ ತೋರಿಸುತ್ತದೆಯೇ ಹೊರತು ಗುರುತಿನ ದಾಖಲೆಯಲ್ಲ. ಎಪಿಕ್ ಕಾರ್ಡ್ ಇಲ್ಲದವರು ಆಧಾರ್, ಪಾನ್, ಚಾಲನಾ ಪರವಾನಗಿ, ಪಾಸ್‌ಪೋರ್ಟ್, ನರೇಗಾ ಕಾರ್ಡ್, ಭಾವಚಿತ್ರವಿರುವ ಬ್ಯಾಂಕ್ ಪಾಸ್‌ಬುಕ್ ಇಂಥವುಗಳಲ್ಲಿ ಒಂದನ್ನು ಹಿಂದಿನ ರಾತ್ರಿಯೇ ತೆಗೆದಿಟ್ಟುಕೊಳ್ಳಲಿ. ಇನ್ನು ವಾಹನದ ವಿಷಯ. ಅಭ್ಯರ್ಥಿಯ ಕಡೆಯವರು ಕಳಿಸುವ ಉಚಿತ ವಾಹನ 1951ರ ಅದೇ ಕಾಯ್ದೆಯ 123ನೇ ಕಲಮಿನಡಿ ಭ್ರಷ್ಟ ಆಚರಣೆ. ಸ್ವಂತ ಖರ್ಚಿನಲ್ಲಿ ಬಸ್ಸಿನಲ್ಲಿ ಹೋಗುವುದಕ್ಕೆ, ತಮ್ಮದೇ ವಾಹನದಲ್ಲಿ ಮನೆಯವರನ್ನು ಕರೆದೊಯ್ಯುವುದಕ್ಕೆ ಅಡ್ಡಿಯಿಲ್ಲ. ನಡೆಯಲು ಕಷ್ಟವಿರುವವರಿಗೆ ಗಾಲಿಕುರ್ಚಿ ಮತ್ತು ಸಾರಿಗೆಗೆ ಆಯೋಗಕ್ಕೇ ಕೋರಿಕೆ ಸಲ್ಲಿಸುವುದು ಸರಿಯಾದ ದಾರಿ.

ಹಣ ಮತ್ತು ಬೆದರಿಕೆ

ಮತಕ್ಕೆ ಹಣ ಕೊಡುವುದು, ಪಡೆಯುವುದು ಎರಡೂ ಭಾರತೀಯ ನ್ಯಾಯ ಸಂಹಿತೆಯಡಿ ಅಪರಾಧ. ಇದನ್ನು ಹೇಳುವಾಗ ಬಡವರನ್ನು ಕಟಕಟೆಯಲ್ಲಿ ನಿಲ್ಲಿಸಿದಂತೆ ಮಾತಾಡಬಾರದು. ‘ಇಸ್ಕೊಂಡಿದ್ದೀವಿ, ಹಾಕದಿದ್ದರೆ ಗೊತ್ತಾಗಿಬಿಡುತ್ತದೆ’ ಎಂಬ ಹೆದರಿಕೆಯೇ ಅವರನ್ನು ಹೆಚ್ಚು ಕಟ್ಟಿಹಾಕಿರುತ್ತದೆ. ಮತ ಗುಪ್ತ, ಯಾರಿಗೆ ಹಾಕಿದಿರೆಂದು ನ್ಯಾಯಾಲಯದಲ್ಲಿ ಕೂಡ ಯಾರೂ ಕೇಳುವಂತಿಲ್ಲ, ಮತ ಯಾರಿಗೆ ಬಿತ್ತೆಂದು ತೋರಿಸುವ ವಿವಿಪ್ಯಾಟ್ ಚೀಟಿ ಏಳು ಸೆಕೆಂಡು ನಿಮಗಷ್ಟೇ ಕಂಡು ಪೆಟ್ಟಿಗೆಗೆ ಬೀಳುತ್ತದೆ ಎಂಬುದನ್ನು ಬಿಡಿಸಿ ಹೇಳಿ. ಹಣ, ಸೀರೆ, ಮದ್ಯ ಹಂಚುವುದು ಕಂಡರೆ ಚುನಾವಣಾ ಆಯೋಗದ ಆ್ಯಪ್‌ನ ಸಿ-ವಿಜಿಲ್ ದೂರು ವಿಭಾಗದಲ್ಲಿ ಚಿತ್ರ ಹಾಕಬಹುದು, ಹೆಸರು ಹೇಳಬೇಕಾಗಿಲ್ಲ; ನೂರು ನಿಮಿಷಗಳಲ್ಲಿ ಕ್ರಮದ ಸ್ಥಿತಿ ತಿಳಿಸುವ ವ್ಯವಸ್ಥೆ ಅದು.

ಬೆದರಿಕೆಯನ್ನು ಮಾತ್ರ ಆ್ಯಪ್‌ಗೆ ಬಿಟ್ಟು ಕೂರಬೇಡಿ. ಪರಿಶಿಷ್ಟ ಜಾತಿ, ಪಂಗಡದವರನ್ನು ಮತ ಹಾಕದಂತೆ ತಡೆಯುವುದು ಅಥವಾ ಇಂಥವರಿಗೇ ಹಾಕಬೇಕೆಂದು ಹೆದರಿಸುವುದು ದೌರ್ಜನ್ಯ ತಡೆ ಕಾಯ್ದೆಯಡಿ ಆರು ತಿಂಗಳಿನಿಂದ ಐದು ವರ್ಷದವರೆಗೆ ಶಿಕ್ಷೆ ಇರುವ ಅಪರಾಧ. ದಿನಾಂಕ, ಹೊತ್ತು, ಆಡಿದ ಮಾತು, ಕಂಡವರು ಇಷ್ಟನ್ನು ಅಂದೇ ಬರೆದು, ಪೊಲೀಸ್ ಠಾಣೆಗೂ ಚುನಾವಣಾಧಿಕಾರಿಗೂ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ದೂರು ಕೊಡಬೇಕೋ ಬೇಡವೋ ಎಂಬ ನಿರ್ಧಾರ ಆ ಊರಿನಲ್ಲಿ ನಾಳೆಯೂ ಬದುಕಬೇಕಾದವರದ್ದು, ನಿಮ್ಮದಲ್ಲ. ಮಹಿಳೆಯರಿಗೆ, ಪರಿಶಿಷ್ಟರಿಗೆ, ಅಂಗವಿಕಲರಿಗೆ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ, ಸಹಾಯವಾಣಿ 15100.

ಮತದಾನದ ದಿನ

ಮತಗಟ್ಟೆಯಿಂದ ನೂರು ಮೀಟರ್ ಆಚೆ ನಿಲ್ಲಿ. ನಿಮ್ಮ ಕೈಯಲ್ಲಿ ಭಾಗ ಸಂಖ್ಯೆ, ಕ್ರಮ ಸಂಖ್ಯೆ ಹುಡುಕಿಕೊಡುವಷ್ಟು ಪಟ್ಟಿ ಇರಲಿ, ಬೇರೇನೂ ಬೇಡ. ಜನರನ್ನು ವಾಪಸು ಕಳಿಸುವ ಸಂದರ್ಭಗಳು ಕೆಲವೇ. ಅವುಗಳಿಗೆ ಉತ್ತರವೂ ಇದೆ. ‘ನೀವು ಊರು ಬಿಟ್ಟವರ ಪಟ್ಟಿಯಲ್ಲಿದ್ದೀರಿ’ ಎಂದರೆ ಅದು ಗೈರು, ಸ್ಥಳಾಂತರ, ಮೃತರ ಪಟ್ಟಿ; ಅದರಲ್ಲಿದ್ದರೂ ಗುರುತಿನ ದಾಖಲೆ ತೋರಿಸಿ, ಘೋಷಣೆ ಬರೆದುಕೊಟ್ಟು ಮತ ಹಾಕಬಹುದು. ‘ನಿಮ್ಮ ಮತ ಆಗಲೇ ಬಿದ್ದಿದೆ’ ಎಂದರೆ ಅಳುತ್ತಾ ಹೊರಬರಬೇಕಿಲ್ಲ, ಮತಗಟ್ಟೆಯ ಅಧ್ಯಕ್ಷಾಧಿಕಾರಿಯ ಬಳಿ ಟೆಂಡರ್ ಮತ ಕೇಳಿ. ಯಂತ್ರದ ಬದಲು ಮತಪತ್ರ ಕೊಟ್ಟು ಅದನ್ನು ಪ್ರತ್ಯೇಕ ಲಕೋಟೆಯಲ್ಲಿ ಇಡುತ್ತಾರೆ. ಕಣ್ಣು ಕಾಣದವರು, ಗುಂಡಿ ಒತ್ತಲಾಗದವರು ಹದಿನೆಂಟು ದಾಟಿದ ಒಬ್ಬರನ್ನು ಜೊತೆಗೆ ಒಳಗೆ ಕರೆದೊಯ್ಯಬಹುದು. ಆದರೆ ಒಬ್ಬರು ಒಂದು ದಿನ ಒಬ್ಬರಿಗಷ್ಟೇ ಹಾಗೆ ನೆರವಾಗಬಹುದಾದ್ದರಿಂದ ತಂಡದ ಒಬ್ಬರೇ ಎಲ್ಲರ ಜೊತೆ ಹೋಗುವ ಯೋಚನೆ ಬೇಡ. ಸಂಜೆ ಸಮಯ ಮುಗಿದಾಗ ಸಾಲಿನಲ್ಲಿ ನಿಂತಿದ್ದವರೆಲ್ಲರಿಗೂ ಸಾಲಿನ ಕೊನೆಯಿಂದ ಚೀಟಿ ಹಂಚಲಾಗುತ್ತದೆ; ಚೀಟಿ ಸಿಕ್ಕವರು ಎಷ್ಟು ತಡವಾದರೂ ಕದಲಬಾರದು.

ಮರುದಿನ

ಮರುದಿನ ಸಂಜೆ ತಂಡ ಮತ್ತೆ ಕೂಡಲಿ. ಮತಗಟ್ಟೆಯಿಂದ ಹಿಂದಿರುಗಿದವರು ಯಾರು, ಏನು ಕಾರಣ ಹೇಳಿದರು ಎಂಬುದನ್ನು ನೆನಪು ಹಸಿಯಾಗಿರುವಾಗಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಪ್ರತಿ ಸಾಲಿನ ಪಕ್ಕ ಬೇಕಾದ ನಮೂನೆಯ ಸಂಖ್ಯೆ ಹಾಕಿ. ಗ್ರಾಮ ಪಂಚಾಯಿತಿ ಮತ್ತು ನಗರಸಭೆಗಳ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ; ಅಲ್ಲಿ ವಾರ್ಡುವಾರು ಪಟ್ಟಿ ಬೇರೆಯೇ ಆದರೂ ಅದು ಸಿದ್ಧವಾಗುವುದು ವಿಧಾನಸಭಾ ಪಟ್ಟಿಯ ತಳಹದಿಯ ಮೇಲೆ, ಆದ್ದರಿಂದ ಇಲ್ಲಿ ಉಳಿದ ತಪ್ಪು ಅಲ್ಲಿಗೂ ಹೋಗುತ್ತದೆ. 1962ರ ಚುನಾವಣೆಯಿಂದ ಇಡೀ ದೇಶದ ಬೆರಳಿಗೆ ಹಚ್ಚುತ್ತಿರುವ ಮೈಸೂರಿನ ಶಾಯಿ ಉಗುರಿನ ಮೇಲೆ ಕೆಲವು ವಾರ ಉಳಿಯುತ್ತದೆ. ಆ ಗುರುತು ಬೆಳೆದು ಉಗುರಿನ ತುದಿಗೆ ಬರುವಷ್ಟರಲ್ಲಿ ನೋಟ್‌ಬುಕ್ಕಿನ ಅರ್ಜಿಗಳೆಲ್ಲ ಬಿಎಲ್‌ಒ ಕೈ ಸೇರಿದ್ದರೆ, ಮುಂದಿನ ಅರ್ಹತಾ ದಿನಾಂಕದ ಪಟ್ಟಿಯಲ್ಲಿ ಆ ಹೆಸರುಗಳನ್ನು ಹುಡುಕಬಹುದು.